ಕರಿಯನ ಮೊಣಕೈಗೆ ಯಾವ ಸ್ಟೆಮ್ ಸೆಲ್? ಕೊಬ್ಬಿನದಾ, ಮೂಳೆಮಜ್ಜೆಯದಾ, ಹೊಕ್ಕುಳಬಳ್ಳಿಯದಾ?

ಗರಾಜಿನಿಂದ ಅಡುಗೆಮನೆಗೆ ಬರಲು ನಮ್ಮಲ್ಲಿ ಮೂರೇ ಮೆಟ್ಟಿಲು. ನಮ್ಮ ನಾಯಿ ಕರಿಯ ಆ ಮೂರನ್ನೂ ಒಂದೇ ನೆಗೆತಕ್ಕೆ ದಾಟುತ್ತಿದ್ದವನು. ಒಂದು ಚಳಿಗಾಲದ ಸಂಜೆ ಕೆಳಗೆ ನಿಂತು ನನ್ನ ಮುಖ ನೋಡಿದ. ಬಾಲ ಆಡಿಸಿದ, ಆದರೆ ಹತ್ತಲಿಲ್ಲ. ಆಟ ಆಡುತ್ತಿದ್ದಾನೆ ಅಂದುಕೊಂಡು ನಾನು ಒಳಗೆ ಹೋದೆ. ಐದು ನಿಮಿಷ ಬಿಟ್ಟು ಬಂದು ನೋಡಿದರೆ ಅಲ್ಲೇ ನಿಂತಿದ್ದಾನೆ, ಎಡ ಮುಂಗಾಲನ್ನು ಪೂರ್ತಿ ಊರದೆ, ಉಗುರಿನ ತುದಿ ಮಾತ್ರ ನೆಲಕ್ಕೆ ತಾಗಿಸಿಕೊಂಡು. ಆ ಐದು ನಿಮಿಷ ನೆನೆದರೆ ಈಗಲೂ ಸಂಕಟವಾಗುತ್ತದೆ.

ಕರಿಯ ಕಪ್ಪು ಲ್ಯಾಬ್ರಡಾರ್. ಆಗ ಅವನಿಗೆ ಒಂಬತ್ತು ದಾಟಿತ್ತು, ತೂಕ 38 ಕೆಜಿ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಎಕ್ಸ್‌ರೇ ತೆಗೆಸಿದಾಗ ಎರಡೂ ಮೊಣಕೈ ಸವೆದಿದ್ದವು, ಎಡಗಡೆಯದು ಜಾಸ್ತಿ. ಮೊಣಕೈ ಕೀಲು ಬೆಳೆಯುವಾಗಲೇ ಸರಿಯಾಗಿ ಕೂಡದಿರುವುದು ಲ್ಯಾಬ್ರಡಾರ್‌ಗಳಲ್ಲಿ ತುಂಬಾ ಸಾಮಾನ್ಯವಂತೆ. ಮರಿಯಾಗಿದ್ದಾಗ ಗೊತ್ತಾಗುವುದಿಲ್ಲ, ವಯಸ್ಸಾದ ಮೇಲೆ ಸಂಧಿವಾತವಾಗಿ ಹೊರಗೆ ಬರುತ್ತದೆ. ನಾಯಿಯ ಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲುಗಳ ಮೇಲೇ ಬೀಳುತ್ತದೆ. ಹಾಗಾಗಿ ಮೊಣಕೈ ಕೆಟ್ಟರೆ ಅದಕ್ಕೆ ನಿಂತರೂ ನೋವು, ಕೂತು ಏಳುವಾಗಲೂ ನೋವು.

ಮೊದಲು ಕಾರ್ಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟರು. ಎರಡೇ ವಾರದಲ್ಲಿ ಕರಿಯ ಹಳೆಯ ಕರಿಯನಾದ. ಆದರೆ ಆರನೇ ವಾರದ ರಕ್ತ ಪರೀಕ್ಷೆಯಲ್ಲಿ ಲಿವರ್ ಅಂಶಗಳು ಏರಿದ್ದವು. ಲ್ಯಾಬ್ರಡಾರ್‌ಗಳಲ್ಲಿ ಈ ಮಾತ್ರೆಯಿಂದ ಲಿವರ್‌ಗೆ ತೊಂದರೆಯಾದದ್ದು 1990ರ ದಶಕದ ಕೊನೆಯಿಂದಲೂ ವರದಿಯಾಗಿರುವ ವಿಷಯ. ಡಾಕ್ಟರ್ ಅವತ್ತೇ ನಿಲ್ಲಿಸಿದರು. ಬದಲಿಗೆ ಗ್ಯಾಬಪೆಂಟಿನ್ ಎಂಬ ಬೇರೆ ನೋವಿನ ಔಷಧ ಕೊಟ್ಟು, ತೂಕ ಇಳಿಸಲೇಬೇಕು ಅಂದರು. ಹೊರಡುವಾಗ ಬಾಗಿಲ ಹತ್ತಿರ, "ಸ್ಟೆಮ್ ಸೆಲ್ ಬಗ್ಗೆ ಯೋಚನೆ ಮಾಡಿದ್ದೀರಾ?" ಎಂದು ಕೇಳಿದರು.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ; ಅದನ್ನು ನೋಯುವ ಕೀಲಿಗೆ ಚುಚ್ಚುತ್ತಾರೆ. ಅವತ್ತಿನಿಂದ ನಾಲ್ಕು ತಿಂಗಳು ನನಗೆ ಬೇರೆ ಧ್ಯಾನವೇ ಇರಲಿಲ್ಲ.

ಮೊದಲು ಹೋದ ಕ್ಲಿನಿಕ್‌ನಲ್ಲಿ ಎಲ್ಲಾ ಒಂದೇ ದಿನದಲ್ಲಿ ಮುಗಿಯುತ್ತದೆ ಅಂದರು. ಬೆಳಿಗ್ಗೆ ಕೊಬ್ಬು ತೆಗೆಯುವುದು, ಅಲ್ಲೇ ಯಂತ್ರದಲ್ಲಿ ಕೋಶ ಬೇರ್ಪಡಿಸುವುದು, ಮಧ್ಯಾಹ್ನ ಚುಚ್ಚುವುದು. ಕೇಳಲು ಎಷ್ಟು ಹಗುರ! ಗೋಡೆಯ ಮೇಲಿನ ಚಿತ್ರ ತೋರಿಸಿ, ಮೂಳೆಮಜ್ಜೆಗಿಂತ ಕೊಬ್ಬಿನಲ್ಲಿ 500 ಪಟ್ಟು ಜಾಸ್ತಿ ಸ್ಟೆಮ್ ಸೆಲ್ ಇದೆ ಎಂದರು. ಆ ಮಾತಿಗೆ ಬುಡವಿಲ್ಲದೇ ಇಲ್ಲ. ಮೂಳೆಮಜ್ಜೆಯಿಂದ ಎಳೆದ ಕೋಶಗಳಲ್ಲಿ ನಮಗೆ ಬೇಕಾದ ಜಾತಿಯದು ಹತ್ತು ಸಾವಿರಕ್ಕೆ ಒಂದು, ಕೆಲವೊಮ್ಮೆ ಲಕ್ಷಕ್ಕೆ ಒಂದು. ಕೊಬ್ಬಿನಲ್ಲಿ ನೂರಕ್ಕೆ ಒಂದೆರಡು ಸಿಗಬಹುದು.

ನನಗೆ ಒಂದು ಸಣ್ಣ ಪ್ರಶ್ನೆ ಇತ್ತು. ನಾಯಿಗೆ ಚುಚ್ಚುವ ಸಿರಿಂಜ್‌ನಲ್ಲಿ ಜೀವಂತ ಕೋಶ ಎಷ್ಟಿರುತ್ತದೆ, ಅದನ್ನು ಎಣಿಸುವುದು ಯಾರು? ಅವರು ಒಂದು ದೊಡ್ಡ ಸಂಖ್ಯೆ ಹೇಳಿದರು. ಮತ್ತೆ ಮತ್ತೆ ಕೇಳಿದಾಗ ಗೊತ್ತಾಯಿತು, ಅದು ಒಟ್ಟು ಕೋಶಗಳ ಲೆಕ್ಕ. ಕೊಬ್ಬನ್ನು ಕರಗಿಸಿ ತಿರುಗಿಸಿದಾಗ ತಳದಲ್ಲಿ ಕೂರುವ ಮಿಶ್ರಣದಲ್ಲಿ ರಕ್ತದ ಕೋಶ, ರಕ್ತನಾಳದ ಗೋಡೆಯ ಕೋಶ, ಇನ್ನೂ ಏನೇನೋ ಇರುತ್ತವೆ. ಸ್ಟೆಮ್ ಸೆಲ್ ಅದರಲ್ಲಿ ಒಂದು ಪಾಲು ಅಷ್ಟೇ. ಸತ್ತದ್ದೆಷ್ಟು, ಬದುಕಿದ್ದೆಷ್ಟು ಎಂದು ಅಲ್ಲಿ ಎಣಿಸುವ ಕ್ರಮವೇ ಇರಲಿಲ್ಲ. ಅದನ್ನು ಅವರು ತಾವಾಗಿ ಹೇಳಬೇಕಿತ್ತು, ನಾನು ಹೀಗೆ ಕೆದಕಿ ಕೇಳುವಂತೆ ಆಗಬಾರದಿತ್ತು. ಬೇಜಾರಾಗಿ ಎದ್ದು ಬಂದೆ.

ಎರಡನೆಯದು ವಿಶ್ವವಿದ್ಯಾಲಯದ ಆಸ್ಪತ್ರೆ, ಎರಡು ಗಂಟೆ ಡ್ರೈವ್. ಅಲ್ಲಿನ ಮೂಳೆ ಸರ್ಜನ್ ಮೊದಲು ನೆಲದ ಮೇಲೆ ಕೂತು ಕರಿಯನ ಕಾಲನ್ನು ಮಡಿಸಿ, ಬಿಡಿಸಿ, ಹೆಬ್ಬೆರಳಿನಿಂದ ಕೀಲಿನ ಒಳಬದಿ ಒತ್ತಿ ನೋಡಿದರು. ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಆಮೇಲೆ ಹೇಳಿದ್ದು: "ಈ ಕೋಶಗಳು ಹೋಗಿ ಹೊಸ ಕಾರ್ಟಿಲೇಜ್ ಕಟ್ಟುತ್ತವೆ ಅಂದುಕೊಂಡಿದ್ದರೆ ಆ ಆಸೆ ಇಲ್ಲೇ ಬಿಡಿ."

ನಾನು ಅಂದುಕೊಂಡಿದ್ದೇ ಅದು, ಕೀಲಿನಲ್ಲಿ ಸವೆದುಹೋದ ಮೆತ್ತನೆಯ ಪದರ ಮತ್ತೆ ಬೆಳೆಯುತ್ತದೆ ಎಂದು. ಎಲ್ಲರೂ ಅಂದುಕೊಳ್ಳುವುದೂ ಅದೇ, ಅಲ್ವಾ? ಅವರು ಬಿಡಿಸಿ ಹೇಳಿದರು. ಕೀಲಿಗೆ ಹಾಕಿದ ಕೋಶಗಳಲ್ಲಿ ಹೆಚ್ಚಿನವು ಅಲ್ಲಿ ಬಹಳ ದಿನ ಉಳಿಯುವುದೇ ಇಲ್ಲ. ಇರುವಷ್ಟು ದಿನ ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂದೇಶ ಬಿಡುತ್ತವೆ, ಉರಿಯೂತ ತಗ್ಗಿಸುತ್ತವೆ, ನೋವು ಕಡಿಮೆಯಾಗುತ್ತದೆ. ಈ ಕೋಶಗಳಿಗೆ 1991ರಲ್ಲಿ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರು ಇಟ್ಟವರು ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್. 2017ರಲ್ಲಿ ಅವರೇ, ಹೆಸರಿನಿಂದ ಜನ ತಪ್ಪು ತಿಳಿಯುತ್ತಿದ್ದಾರೆ, ಇವನ್ನು ಸಂಕೇತ ಕೊಡುವ ಕೋಶಗಳೆಂದು ಕರೆಯೋಣ ಎಂದು ಬರೆದರು. ಈ ಒಂದು ವಿಷಯ ತಲೆಗೆ ಹೋದ ಮೇಲೆ ಎಷ್ಟೋ ಜಾಹೀರಾತಿನ ಮಾತು ನನಗೆ ತಾನಾಗಿಯೇ ಕಳಚಿಬಿತ್ತು.

ಮೂಳೆಮಜ್ಜೆ ಈ ವಿದ್ಯೆಯ ತವರು. 1960-70ರ ದಶಕಗಳಲ್ಲಿ ಸೋವಿಯತ್ ವಿಜ್ಞಾನಿ ಫ್ರೀಡೆನ್‌ಸ್ಟೈನ್ ಮತ್ತು ಅವರ ಜೊತೆಗಾರರು ಮಜ್ಜೆಯಲ್ಲಿ ತಳಕ್ಕೆ ಅಂಟಿಕೊಂಡು ಬೆಳೆಯುವ ಕೋಶಗಳನ್ನು ಗುರುತಿಸಿದರು. ಕೊಬ್ಬಿನಲ್ಲೂ ಅಂಥವಿವೆ ಎಂದು ದೊಡ್ಡದಾಗಿ ಗೊತ್ತಾದದ್ದು 2001ರಲ್ಲಿ. ಹಾಗಾಗಿ ಮಜ್ಜೆಯ ಬಗ್ಗೆ ತಿಳಿದಿರುವುದು ಜಾಸ್ತಿ. ಎಳೆದ ಮಜ್ಜೆಯನ್ನು ಅಲ್ಲೇ ಸಾಂದ್ರಗೊಳಿಸಿ ಚುಚ್ಚಿದರೆ ಜೊತೆಗೆ ಪ್ಲೇಟ್‌ಲೆಟ್‌ಗಳೂ ಹೋಗುತ್ತವೆ, ಅವೂ ಉಪಯೋಗಕ್ಕೆ ಬರುತ್ತವೆ.

ತೆಗೆಯುವುದು ಹೇಗೆ ಎಂದು ಕೇಳಿದೆ. ಅವರು ಡ್ರಾಯರ್‌ನಿಂದ ಒಂದು ಸೂಜಿ ತೆಗೆದು ನನ್ನ ಕೈಗೆ ಕೊಟ್ಟರು. ಜಮ್ಶೀದಿ ಸೂಜಿ ಅಂತಾರೆ. ಅದನ್ನು ಸೂಜಿ ಅನ್ನಲು ಮನಸ್ಸು ಬರಲಿಲ್ಲ. ದಪ್ಪ, ಭಾರ, ಹಿಡಿಕೆಯಿರುವ ಕೊಳವೆ. ಅರಿವಳಿಕೆ ಕೊಟ್ಟು, ಭುಜದ ಕೆಳಗಿನ ಮೂಳೆಯ ಮೇಲ್ತುದಿಗೋ ಸೊಂಟದ ಮೂಳೆಯ ಅಂಚಿಗೋ ಇಟ್ಟು, ತಿರುಗಿಸುತ್ತಾ ಒಳಗೆ ಇಳಿಸಿ ಎಳೆಯಬೇಕು. ನುರಿತ ಕೈಯಲ್ಲಿ ಹೆಚ್ಚು ಹೊತ್ತು ಬೇಡ, ಗಾಯವೂ ಸಣ್ಣದು. ಮೂರು ವರ್ಷದ ನಾಯಿಯಾಗಿದ್ದರೆ ತಾನು ಮಜ್ಜೆಯನ್ನೇ ಆರಿಸುತ್ತಿದ್ದೆ ಅಂದರು. ಆದರೆ ವಯಸ್ಸಾದಂತೆ ಮಜ್ಜೆಯಲ್ಲಿ ಈ ಕೋಶಗಳ ಸಂಖ್ಯೆಯೂ ಇಳಿಯುತ್ತದೆ, ಬೆಳೆಯುವ ಕಸುವೂ ಇಳಿಯುತ್ತದೆ. ಇರುವ ಸ್ವಲ್ಪವನ್ನು ಲ್ಯಾಬಿನಲ್ಲಿ ಎರಡು ಮೂರು ವಾರ ಬೆಳೆಸಿ ಹೆಚ್ಚಿಸಬೇಕಾಗುತ್ತದೆ. "ಮುಂಗಾಲು ನೋಯುತ್ತಿರುವ ನಾಯಿಗೆ ಭುಜದ ಮೂಳೆಯಲ್ಲಿ ಇನ್ನೊಂದು ತೂತು ಯಾಕೆ?" ಎಂದು ಅವರೇ ನನಗೆ ತಿರುಗಿ ಕೇಳಿದರು. ಆಮೇಲಿನ ನನ್ನ ಯೋಚನೆಯೆಲ್ಲಾ ಆ ಪ್ರಶ್ನೆಯ ಸುತ್ತಲೇ ನಡೆಯಿತು. ಯಾವುದರಲ್ಲಿ ಕೋಶ ಜಾಸ್ತಿ ಅನ್ನುವುದಲ್ಲ, ಅದನ್ನು ಪಡೆಯಲು ಕರಿಯ ಏನೇನು ಸಹಿಸಬೇಕು ಅನ್ನುವುದು.

ಹಾಗೆ ನೋಡಿದರೆ ಹೊಕ್ಕುಳಬಳ್ಳಿಯೇ ಎಲ್ಲಕ್ಕಿಂತ ಚೆಂದ. ಸಿಸೇರಿಯನ್ ಆಗಿ ಮರಿ ಹಾಕುವ ನಾಯಿಯಿಂದ, ಹೇಗೂ ಬಿಸಾಡುವ ಬಳ್ಳಿಯನ್ನು ತಗೊಳ್ಳುವುದು. ನಮ್ಮ ನಾಯಿಗೆ ಕತ್ತರಿಯೂ ಇಲ್ಲ, ಹೊಲಿಗೆಯೂ ಇಲ್ಲ. ಕೋಶಗಳು ಎಳೆಯವು, ಬೇಗ ಬೇಗ ಬೆಳೆಯುತ್ತವೆ. ಮೈಸೂರಿನಲ್ಲಿರುವ ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನ ಹೊಕ್ಕುಳಬಳ್ಳಿ ಒಣಗಿ ಬಿದ್ದಾಗ ನಿಮ್ಮಜ್ಜಿ ಬೆಳ್ಳಿ ತಾಯಿತದೊಳಗೆ ಹಾಕಿಸಿ ಕಟ್ಟಿದ್ರು ಕಣೇ. ಅದರಲ್ಲಿ ಜೀವ ಇರುತ್ತೆ ಅಂತಿದ್ರು," ಅಂದರು. ಆ ತಾಯಿತ ಈಗಲೂ ಅಮ್ಮನ ಬೀರುವಿನಲ್ಲಿದೆ.

ಯೂರೋಪಿನಲ್ಲಿ ಈ ದಾರಿ ಸಾಕಷ್ಟು ಮುಂದೆ ಹೋಗಿದೆ. ಅಲ್ಲಿ ಕುದುರೆಗಳಿಗೆ ಸ್ಟೆಮ್ ಸೆಲ್ ಔಷಧ ಒಪ್ಪಿಗೆ ಪಡೆದದ್ದು 2019ರಲ್ಲಿ. ನಾಯಿಗಳ ಸಂಧಿವಾತಕ್ಕೆ ಡಾಗ್‌ಸ್ಟೆಮ್ ಎಂಬುದಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿರುವುದು ನಾಯಿಯ ಕೋಶವೂ ಅಲ್ಲ, ಕುದುರೆಯ ಹೊಕ್ಕುಳಬಳ್ಳಿಯ ಕೋಶ! ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಬೇರೆ ಪ್ರಾಣಿಯ ಕೋಶ ಹೋದರೆ ದೇಹ ಹೊಡೆದಾಡುವುದಿಲ್ಲವೇ? ಸರ್ಜನ್ ಹೇಳಿದ ಪ್ರಕಾರ ಈ ಕೋಶಗಳು ದೇಹದ ಕಾವಲಿನ ಕಣ್ಣು ತಪ್ಪಿಸುವುದರಲ್ಲಿ ಚುರುಕು, ಆದರೆ ಪೂರ್ತಿ ತಪ್ಪಿಸಿಕೊಳ್ಳುತ್ತವೆ ಎಂಬ ಹಳೆಯ ನಂಬಿಕೆ ಈಗ ಉಳಿದಿಲ್ಲ. ಒಂದೇ ದಾನಿಯ ಕೋಶವನ್ನು ಮತ್ತೆ ಮತ್ತೆ ಕೊಟ್ಟಾಗ ದೇಹ ಅದನ್ನು ಗುರುತು ಹಿಡಿಯಬಹುದು. ಇದೇ ರೀತಿ 2017ರಲ್ಲಿ ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಬೆನ್ನುಹುರಿಯ ಹುಟ್ಟು ದೋಷವಿದ್ದ ಡಾರ್ಲಾ, ಸ್ಪ್ಯಾಂಕಿ ಎಂಬ ಎರಡು ಬುಲ್‌ಡಾಗ್ ಮರಿಗಳಿಗೆ ಆಪರೇಷನ್ ಜೊತೆಗೆ ಮನುಷ್ಯರ ಮಾಸಿನಿಂದ ತೆಗೆದ ಕೋಶ ಕೊಟ್ಟಿದ್ದರು. ಆ ಮರಿಗಳು ಹುಲ್ಲಿನ ಮೇಲೆ ಓಡಿ ಉರುಳಾಡುವುದನ್ನು ನೋಡಿ ನಾನು ಅತ್ತಿದ್ದೇನೆ.

ಆದರೆ ಅಮೆರಿಕದಲ್ಲಿ ಬೇರೆ ಪ್ರಾಣಿಯಿಂದ, ಅದು ಇನ್ನೊಂದು ನಾಯಿಯೇ ಆದರೂ, ಬಂದ ಕೋಶವೆಂದರೆ ಅದು ಔಷಧ, ಅದಕ್ಕೆ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಬೇಕು. ನಾವು ಹುಡುಕುವಾಗ ನಾಯಿಯ ಕೀಲಿಗೆ ಅಂಥದ್ದು ಒಂದೂ ಇರಲಿಲ್ಲ. ಅಧ್ಯಯನಕ್ಕೆ ಸೇರಿದರೆ ಮಾತ್ರ ಸಿಗುತ್ತದೆ, ಕರಿಯನ ಲಿವರ್ ರಿಪೋರ್ಟ್ ನೋಡಿ ಯಾರೂ ಸೇರಿಸಿಕೊಳ್ಳಲಿಲ್ಲ. ಈ ನಡುವೆ ಒಂದು ಕಡೆಯಿಂದ, ಹೊಕ್ಕುಳಬಳ್ಳಿಯ ಕೋಶ ಕಳಿಸುತ್ತೇವೆ, ನಿಮ್ಮ ಡಾಕ್ಟರ್ ಚುಚ್ಚಿದರೆ ಸಾಕು ಎಂದು ಫೋನ್ ಬಂತು. ಯಾವ ನಾಯಿಯಿಂದ ತೆಗೆದದ್ದು, ಅದಕ್ಕೆ ಯಾವ ಯಾವ ಸೋಂಕಿನ ಪರೀಕ್ಷೆ ಮಾಡಿದ್ದೀರಿ, ಎಷ್ಟು ಸಲ ಬೆಳೆಸಿ ಬೆಳೆಸಿ ಹೆಚ್ಚಿಸಿದ್ದೀರಿ ಎಂದು ಕೇಳಿದೆ. ಎಲ್ಲಾ ಸುರಕ್ಷಿತ ಅನ್ನುವುದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ. ನನ್ನ ನಾಯಿಯ ಮೈಗೆ ಹೋಗುವ ವಸ್ತು ಅದು, ಕಾಗದವಿಲ್ಲದೆ ಹೇಗೆ ಒಪ್ಪಲಿ? ಬೇಡ ಅಂದೆ.

ಉಳಿದದ್ದು ಕೊಬ್ಬು. ಆದರೆ ಈ ಸಲ ಬೇರೆ ರೀತಿ. ಕೊಬ್ಬನ್ನು ಲ್ಯಾಬಿಗೆ ಕಳಿಸಿ, ಅಲ್ಲಿ ಬೇರ್ಪಡಿಸಿ, ಎಣಿಸಿ, ಎರಡು ದಿನದಲ್ಲಿ ವಾಪಸ್ ತರಿಸುವುದು. ಕ್ಯಾಲಿಫೋರ್ನಿಯಾದಲ್ಲಿ ಇದು 2000ದ ದಶಕದಿಂದಲೇ ನಡೆಯುತ್ತಿದೆ. ಸೊಂಟದ ಸಂಧಿವಾತವಿದ್ದ 21 ನಾಯಿಗಳ ಮೇಲೆ 2007ರಲ್ಲಿ ಒಂದು ಅಧ್ಯಯನ ಬಂತು. ಕೆಲವಕ್ಕೆ ಅವುಗಳದೇ ಕೊಬ್ಬಿನ ಕೋಶ, ಉಳಿದವಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಏನು ಹೋಯಿತೆಂದು ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿಲ್ಲ, ಸಾಕಿದವರಿಗೂ ಗೊತ್ತಿಲ್ಲ. ಕೋಶ ಸಿಕ್ಕ ನಾಯಿಗಳು ಮೂರು ತಿಂಗಳವರೆಗಿನ ಪರೀಕ್ಷೆಯಲ್ಲಿ ಎದ್ದು ಕಾಣುವಂತೆ ಚೆನ್ನಾಗಿದ್ದವು. ನಾಯಿಗಳ ಸಂಖ್ಯೆ ಕಮ್ಮಿ, ಸೇವೆ ಮಾರುವ ಕಂಪನಿಯವರೂ ಅಧ್ಯಯನದಲ್ಲಿ ಇದ್ದರು. ಎರಡೂ ನನಗೆ ಗೊತ್ತಿತ್ತು. ಆದರೂ ಉಪ್ಪುನೀರಿನ ಜೊತೆ ಹೋಲಿಸಿ ನೋಡಿದ್ದಾರಲ್ಲ, ಅದು ದೊಡ್ಡ ವಿಷಯ ಅನ್ನಿಸಿತು.

ಆಪರೇಷನ್‌ಗೆ ಮುಂಚೆ ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಆಯಿತು. ದೇಹದಲ್ಲಿ ಎಲ್ಲೋ ಕ್ಯಾನ್ಸರ್ ಅಡಗಿದ್ದರೆ ಬೆಳವಣಿಗೆಗೆ ಸಂಕೇತ ಕೊಡುವ ಕೋಶ ಹಾಕಬಾರದು. ಇದನ್ನು ಮೊದಲ ಕ್ಲಿನಿಕ್‌ನಲ್ಲಿ ಯಾರೂ ಹೇಳಿರಲಿಲ್ಲ. ಕರಿಯನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಕೊಬ್ಬಿನ ಗಂಟು ಇದೆ. ಹೇಗೂ ಕೊಬ್ಬೇ ತಾನೇ, ಅದನ್ನೇ ತೆಗೆದು ಉಪಯೋಗಿಸಬಹುದಾ ಅಂತ ಕೇಳಿದೆ. ಸರ್ಜನ್ ಖಡಾಖಂಡಿತವಾಗಿ ಬೇಡ ಅಂದರು. ಅಪಾಯವಿಲ್ಲದ ಗಂಟಾದರೂ ಅದು ಗಡ್ಡೆಯೇ, ಅದರ ಕೋಶ ಕೀಲಿಗೆ ಬೇಡ.

ಕೊಬ್ಬು ತೆಗೆದದ್ದು ಹೊಕ್ಕುಳ ಮೇಲ್ಗಡೆಯಿಂದ. ಹೊಟ್ಟೆಯ ಗೋಡೆಯ ಒಳಮೈಯಲ್ಲಿ, ಲಿವರ್ ಕಡೆಗೆ ಹೋಗುವ ಒಂದು ಮಡಿಕೆಯ ತುಂಬಾ ನಾಯಿಗಳಿಗೆ ಕೊಬ್ಬು ಇರುತ್ತದೆ. ತೊಡೆಸಂದಿಯಿಂದಲೋ ಭುಜದ ಹಿಂದಿನಿಂದಲೋ ತೆಗೆದರೆ ಹೊಟ್ಟೆ ಬಿಚ್ಚುವ ಅಗತ್ಯವಿಲ್ಲ, ಆದರೆ ಅಲ್ಲಿ ಸಿಗುವುದು ಕೆಲವು ನಾಯಿಗಳಲ್ಲಿ ತೀರಾ ಕಮ್ಮಿ. ಸಣಕಲು ನಾಯಿಗಳಿಗೆ ಈ ದಾರಿಯೇ ಕಷ್ಟ. ಹಲ್ಲು ಕ್ಲೀನ್ ಮಾಡಿಸುವುದೂ ಬಾಕಿಯಿತ್ತು. ಎರಡು ಸಲ ಪ್ರಜ್ಞೆ ತಪ್ಪಿಸುವುದು ಬೇಡವೆಂದು ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸಿದರು. ಕೊಬ್ಬನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣ.

ನರ್ಸ್ ಹೊರಗೆ ಬಂದು ಎರಡು ಟ್ಯೂಬ್ ತೋರಿಸಿದರು. ನಾನು ಬಿಳಿ ಬಣ್ಣ ಇರುತ್ತೆ ಅಂದುಕೊಂಡಿದ್ದೆ. ತೆಳು ಹಳದಿ, ಫ್ರಿಜ್‌ನಿಂದ ಆಗತಾನೇ ತೆಗೆದ ಬೆಣ್ಣೆಯ ತುಣುಕುಗಳ ಹಾಗೆ, ನಡುನಡುವೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ. ತಿಳಿಯಾದ ದ್ರವದಲ್ಲಿ ತೇಲುತ್ತಿದ್ದವು. ಟ್ಯೂಬಿನ ಮೇಲೆ ಕರಿಯನ ಹೆಸರು, ಅಷ್ಟು ಉದ್ದದ ನಂಬರ್. ಅದನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಟೇಪ್ ಸುತ್ತಿ, ಸಂಜೆ ಐದರ ಕೊರಿಯರ್‌ಗೆ ಕೊಟ್ಟರು. ಲ್ಯಾಬಿನಲ್ಲಿ ಅದನ್ನು ಸಣ್ಣಗೆ ಕೊಚ್ಚಿ, ಕೊಲಾಜಿನೇಸ್ ಎಂಬ ಕಿಣ್ವ ಹಾಕಿ, ಮೈಯ ಶಾಖದಷ್ಟೇ ಬೆಚ್ಚಗೆ ಅಲುಗಾಡಿಸುತ್ತಾರೆ. ಕೊಬ್ಬನ್ನು ಹಿಡಿದಿಟ್ಟ ಬಲೆ ಕರಗುತ್ತದೆ. ಆಮೇಲೆ ಜೋರಾಗಿ ತಿರುಗಿಸಿದರೆ ಎಣ್ಣೆ ಮೇಲೆ ನಿಲ್ಲುತ್ತದೆ, ಕೋಶಗಳು ತಳಕ್ಕೆ ಇಳಿಯುತ್ತವೆ.

ಎರಡು ದಿನ ಬಿಟ್ಟು ಸಿರಿಂಜ್‌ಗಳು ಬಂದವು. ಜೊತೆಗೆ ಒಂದು ಹಾಳೆ, ಅದಕ್ಕಾಗಿಯೇ ನಾನು ಇಷ್ಟು ದಿನ ಅಲೆದದ್ದು. ಜೀವಂತ ಕೋಶ ಪ್ರತಿ ಸಿರಿಂಜ್‌ನಲ್ಲಿ ಸುಮಾರು 50 ಲಕ್ಷ, ಒಟ್ಟಿನಲ್ಲಿ ಬದುಕಿದ್ದ ಪಾಲು ಎಷ್ಟು, ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ, ಎಲ್ಲಾ ಅದರಲ್ಲಿತ್ತು. ಕರಿಯನಿಗೆ ಮಂಪರು ಕೊಟ್ಟು ಎರಡೂ ಮೊಣಕೈಯ ಕೂದಲು ಬೋಳಿಸಿದರು. ಸೂಜಿ ಇಳಿಸಿ ಮೊದಲು ಕೀಲಿನೊಳಗಿನ ನೀರು ಎಳೆದರು. ಚೆನ್ನಾಗಿರುವ ಕೀಲಿನ ನೀರು ಬೆರಳ ನಡುವೆ ಹಿಡಿದರೆ ಜೇನಿನ ಹಾಗೆ ನೂಲೆಳೆಯುತ್ತದಂತೆ. ಎಡಗಡೆಯಿಂದ ಬಂದದ್ದು ನೀರಿನಷ್ಟೇ ತೆಳ್ಳಗೆ, ಸಿರಿಂಜ್ ತುದಿಯಿಂದ ಹನಿಹನಿಯಾಗಿ ತೊಟ್ಟಿಕ್ಕಿತು. ಸರ್ಜನ್ ಅದನ್ನು ನನಗೆ ತೋರಿಸಿ ಏನೂ ಹೇಳಲಿಲ್ಲ, ಕೋಶದ ಸಿರಿಂಜ್ ಎತ್ತಿಕೊಂಡರು.

ಮೂರು ದಿನ ಊತವಿತ್ತು. ಎರಡನೇ ರಾತ್ರಿ ಅವನು ಮುಲುಗುವುದನ್ನು ಕೇಳಿ, ತಪ್ಪು ಮಾಡಿಬಿಟ್ಟೆನಾ ಅಂತ ನಾನು ಅವನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ಆಮೇಲೆ ಎರಡು ವಾರ ಬೆಲ್ಟ್ ಹಿಡಿದು ಐದೈದು ನಿಮಿಷದ ನಡಿಗೆ, ಅಷ್ಟೇ. ಒಟ್ಟು ಖರ್ಚು ಮೂರು ಸಾವಿರ ಡಾಲರ್ ದಾಟಿತು, ಇನ್ಶೂರೆನ್ಸ್ ಒಂದು ಭಾಗ ಕೊಟ್ಟಿತು.

ಇದರ ಜೊತೆಗೇ ತೂಕ. ನಮ್ಮನೆಯವರು ಅದನ್ನು ವ್ರತದ ಹಾಗೆ ಹಿಡಿದರು. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನವಿದೆ, 2002ರಲ್ಲಿ ಬಂದದ್ದು. ಜೊತೆಯಲ್ಲಿ ಹುಟ್ಟಿದ ನಾಯಿಗಿಂತ ಕಾಲುಭಾಗ ಕಮ್ಮಿ ಊಟ ಮಾಡಿದವು ಹತ್ತಿರಹತ್ತಿರ ಎರಡು ವರ್ಷ ಜಾಸ್ತಿ ಬದುಕಿದವು, 11.2 ವರ್ಷದ ಬದಲು 13. ಸಂಧಿವಾತವೂ ತಡವಾಗಿ ಬಂತು. ಅದನ್ನು ಓದಿದ ದಿನದಿಂದ ನಮ್ಮಲ್ಲಿ ಊಟದ ಮೇಜಿನಿಂದ ಚಪಾತಿ ತುಂಡು ಕೆಳಗೆ ಬೀಳುವುದು ನಿಂತಿತು. ಐದು ತಿಂಗಳಲ್ಲಿ 38 ಇದ್ದವನು 33ಕ್ಕೆ ಇಳಿದ.

ಈಗ ಹೇಗಿದ್ದಾನೆ? ಎರಡನೇ ತಿಂಗಳ ಕೊನೆಗೆ ಬದಲಾವಣೆ ಕಾಣಿಸಿತು. ಬೆಳಿಗ್ಗೆ ಏಳುವಾಗಿನ ಬಿಗಿತ ಕಮ್ಮಿ. ನಡಿಗೆ ಹತ್ತು ನಿಮಿಷದಿಂದ ಮೂವತ್ತಕ್ಕೆ ಬಂತು. ಆದರೆ ದುಡ್ಡು ಕೊಟ್ಟು, ಆಸೆಯಿಂದ ಕಾಯುವವರ ಕಣ್ಣಿಗೆ ನಾಯಿ ಸುಧಾರಿಸಿದ ಹಾಗೆ ಕಾಣುವುದು ಸಹಜ. ಇದನ್ನು ಅಧ್ಯಯನ ಮಾಡಿಯೇ ತೋರಿಸಿದ್ದಾರೆ. ಅದಕ್ಕೇ ಸರ್ಜನ್ ಮೊದಲೇ ಕರಿಯನನ್ನು ಒತ್ತಡ ಅಳೆಯುವ ಹಲಗೆಯ ಮೇಲೆ ನಡೆಸಿ ಲೆಕ್ಕ ಇಟ್ಟಿದ್ದರು. ಮೂರನೇ ತಿಂಗಳಲ್ಲಿ ಮತ್ತೆ ನಡೆಸಿದಾಗ ಎಡಗಾಲಿನ ಮೇಲೆ ಹಾಕುವ ಭಾರ ನಿಜವಾಗಿಯೂ ಹೆಚ್ಚಿತ್ತು. ಅದರಲ್ಲಿ ಕೋಶದ ಪಾಲೆಷ್ಟು, ಐದು ಕೆಜಿ ಇಳಿದದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಅವರಿಗೂ ಆಗಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಹೇಗಿತ್ತೋ ಹಾಗೇ ಇದೆ.

ಸುತ್ತಮುತ್ತಲಿನವರು ಕೊಬ್ಬು ಒಳ್ಳೆಯದಾ, ಮಜ್ಜೆಯಾ ಎಂದು ಕೇಳುತ್ತಾರೆ. ನಿಮ್ಮ ನಾಯಿಗೆ ವಯಸ್ಸೆಷ್ಟು, ಮೈಯಲ್ಲಿ ಕೊಬ್ಬಿದೆಯಾ, ಅರಿವಳಿಕೆ ತಡೆದುಕೊಳ್ಳುತ್ತದಾ, ನೋವಿರುವುದು ಎಲ್ಲಿ ಎಂದು ನಾನು ಮೊದಲು ಕೇಳುತ್ತೇನೆ. ಆಮೇಲೆ, ಯಾರ ಹತ್ತಿರ ಹೋದರೂ ಜೀವಂತ ಕೋಶದ ಲೆಕ್ಕ ಬರೆದುಕೊಡಿ ಎಂದು ಕೇಳಿ, ಕೊಡದಿದ್ದರೆ ಎದ್ದು ಬನ್ನಿ ಅನ್ನುತ್ತೇನೆ.

ಉಳಿದ ಕೋಶಗಳು ಲ್ಯಾಬಿನ ದ್ರವ ಸಾರಜನಕದ ಡಬ್ಬಿಯಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕರಿಯನ ಹೆಸರಿನಲ್ಲೇ ಇವೆ. ಎಂಟು ತಿಂಗಳಾಯಿತು. ಹೋದ ವಾರ ಮಳೆ ಬಂದು ಚಳಿ ಜಾಸ್ತಿಯಾದಾಗ ಮೂರನೇ ಮೆಟ್ಟಿಲಲ್ಲಿ ಸ್ವಲ್ಪ ತಡೆದ ಹಾಗೆ ಅನ್ನಿಸಿತು. ಹಲಗೆಯ ಮೇಲೆ ನಡೆಸಲು ಬರುವ ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ.